ಫಾಳಕಾದ ಮೇಲಿನ ಅರ್ಕಾವತ್ತು

ಈ ಸಲ ಬರೆಯುತ್ತಿರುವುದು ಪಾಠದ ವಿಷಯವಲ್ಲ, ಒಂದು ಹಳೆಯ ಗಾಡಿಯ ವಿಷಯ. ಆದರೂ ಕೊನೆಗೆ ಅದು ಪಾಠಕ್ಕೇ ಬಂದು ನಿಂತಿತು.

ಉಮರ್ಗಾ ಕಡೆಯ ನಮ್ಮ ಶಾಲೆಯ ಏಳನೆಯ ತರಗತಿಯ ಹುಡುಗಿಯೊಬ್ಬಳ ಅಜ್ಜನ ಬಳಿ ಟಾಟಾಮೊಬೈಲ್ ಪಿಕಪ್ ಇದೆ. ಆಗಿನ ಟೆಲ್ಕೊ, ಈಗಿನ ಟಾಟಾ ಮೋಟಾರ್ಸ್, 1988ರಲ್ಲಿ ಹೊರತಂದ ಮಾದರಿ ಅದು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಭೂಕಂಪವಾದಾಗ ಅಜ್ಜ ಇದರಲ್ಲೇ ರೊಟ್ಟಿ, ಕಂಬಳಿ ತುಂಬಿಕೊಂಡು ಹೋಗಿದ್ದರಂತೆ. ಹೀಗಾಗಿ ಗುಜರಿಗೆ ಕೊಡಲು ಅವರಿಗೆ ಮನಸ್ಸಿಲ್ಲ. ನಮ್ಮ ಶಾಲೆಯ ಗ್ಯಾದರಿಂಗ್ ಸಾಮಾನು ಹೊರುವುದೂ ಇದೇ ಗಾಡಿ. ಹಿಂದಿನ ಫಾಳಕಾದ ಮೇಲೆ ದೊಡ್ಡ ಕನ್ನಡ ಅಕ್ಷರಗಳಲ್ಲಿ "ಶರಣು ಶರಣಾರ್ಥಿ" ಎಂದಿತ್ತು. ಬಸವಕಲ್ಯಾಣದಲ್ಲಿ ಬರೆಸಿದ್ದು.

ಎರಡು ವರ್ಷದ ಹಿಂದೆ ನಾವೇ ಅವಸರ ಮಾಡಿ, ಕಡಿಮೆ ದುಡ್ಡಿಗೆ ಬಣ್ಣ ಹೊಡೆಸಿದ್ದೆವು. ತುಕ್ಕಿನ ಮೇಲೆಯೇ ಪುಟ್ಟಿ ಮೆತ್ತಿದ್ದರು. ಒಂದೇ ಮಳೆಗಾಲಕ್ಕೆ ಬಣ್ಣ ಹಪ್ಪಳದಂತೆ ಉಬ್ಬಿತು.

ಈ ಬೇಸಿಗೆಯಲ್ಲಿ ನಿಲಂಗಾದಲ್ಲಿ ಕೆಲಸ ಮಾಡುವ ಉದಗೀರದ ಮಿಸ್ತ್ರಿಯೊಬ್ಬರ ಕೈಗೆ ಗಾಡಿ ಒಪ್ಪಿಸಿದೆವು. ಅವರು ಮೊದಲು ಬಾಗಿಲ ತಳ ತೋರಿಸಿದರು. ನೀರು ಇಳಿಯುವ ತೂತುಗಳಲ್ಲಿ ಮಣ್ಣು ತುಂಬಿ, ನೀರು ಒಳಗೇ ನಿಂತು ಪತ್ರಾ ತಿಂದಿತ್ತು. ಹೊಳೆಯುವ ಲೋಹ ಸಿಗುವವರೆಗೆ ಕೊಳೆತದ್ದನ್ನು ಕತ್ತರಿಸಿ ಹೊಸ ಪತ್ರಾ ಕೂಡಿಸಿದರು. ಒಂದೇ ಸಮನೆ ವೆಲ್ಡಿಂಗ್ ಮಾಡಿದರೆ ಪತ್ರಾ ಕಾದು ಸೊಟ್ಟಗಾಗುತ್ತದೆ, ಅದಕ್ಕೇ ಅಲ್ಲೊಂದು ಇಲ್ಲೊಂದು ಟಾಕಾ. ತಗ್ಗುಗಳನ್ನು ಒಳಗಿನಿಂದ ಸುತ್ತಿಗೆಯಲ್ಲಿ ಎತ್ತಿದರು. ಆಮೇಲೆ ಪ್ರೈಮರ್, ತೆಳ್ಳಗೆ ಪುಟ್ಟಿ. 80 ನಂಬರಿನ ಕಾಗದದಿಂದ ಶುರುಮಾಡಿ 220, ನಂತರ 400ರಲ್ಲಿ ಉಜ್ಜಿದರು. ಕಣ್ಣಿಗಿಂತ ಅಂಗೈಯನ್ನೇ ನಂಬಬೇಕು ಎಂದು ಮಕ್ಕಳ ಕೈ ಹಿಡಿದು ಸವರಿಸಿದರು.

ಫಾಳಕಾ ಉಜ್ಜುವ ಮೊದಲು ಮಕ್ಕಳು ಬಟರ್ ಪೇಪರ್ ಇಟ್ಟು ಅಕ್ಷರಗಳನ್ನು ಇಳಿಸಿಕೊಂಡಿದ್ದರು. ಆದರೆ ಕೊನೆಯ ಅಕ್ಷರದ ಬಲಬದಿಯನ್ನು ತುಕ್ಕು ಆಗಲೇ ತಿಂದಿತ್ತು. ಮಿಸ್ತ್ರಿಗೆ ಬರುವುದು ಮರಾಠಿ ಬರಹ. ಪದವನ್ನು ಬಾಯಲ್ಲಿ ಕೇಳಿಕೊಂಡು, ಮರಾಠಿಯ ರಫಾರದಂತೆ ಅಕ್ಷರದ ತಲೆಯ ಮೇಲೆ ಗೆರೆ ಎಳೆದುಬಿಟ್ಟರು.

"ಕಾಕಾ, ಅದು ಮ್ಯಾಲೆ ಅಲ್ಲ, ಬಾಜೂಕ ಬರ್ತದ" ಎಂದಳು ಹುಡುಗಿ.

ಇದೇ ಅರ್ಕಾವತ್ತಿಗೆ ಅವಳ ಶುದ್ಧಲೇಖನದಲ್ಲಿ ನಾವು ಎಷ್ಟು ಸಲ ಕೆಂಪು ಗೆರೆ ಎಳೆದಿದ್ದೆವೋ! ಮಿಸ್ತ್ರಿ ನಕ್ಕರು. ಥಿನ್ನರ್ ಅರಿವೆಯಿಂದ ಗೆರೆ ಒರೆಸಿ, ಖಡು ಅವಳ ಕೈಗೇ ಕೊಟ್ಟರು. ಅವಳು ಬರೆದಳು, ಅವರು ಅದರ ಮೇಲೆ ಬಿಳಿ ಬಣ್ಣ ತುಂಬಿದರು. ಅಜ್ಜ ಏನೂ ಅನ್ನಲಿಲ್ಲ. ಒಣಗುವವರೆಗೂ ಅಲ್ಲೇ ಕುಳಿತಿದ್ದರು.

ನಮ್ಮ ಏಳನೆಯ ತರಗತಿಯಲ್ಲಿ ಈಗ ಇರುವುದು ಒಂಬತ್ತೇ ಮಕ್ಕಳು. ಆ ದಿನ ಗ್ಯಾರೇಜಿನಲ್ಲಿ ಅವರಲ್ಲಿ ಒಬ್ಬಳಾದರೂ ಇದ್ದಳಲ್ಲ ಎಂದು ನಮಗೆ ಸಮಾಧಾನ. ಒಬ್ಬರೂ ಇಲ್ಲದ ದಿನ ಬಂದರೆ ಎಂಬ ಅಳುಕೂ ಇದೆ.

ನಿಮ್ಮೂರಿನ ಗಾಡಿ, ಅಂಗಡಿ, ಗುಡಿಗಳ ಮೇಲೆ ಹಳೆಯ ಕನ್ನಡ ಬರಹವಿದ್ದರೆ, ಹೊಸ ಬಣ್ಣ ಹೊಡೆಸುವ ಮುಂಚೆ ಒಂದು ಫೋಟೊ ತೆಗೆದಿಡಿ. ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋಗಿ.

ಮತ್ತೆ ಸಿಗೋಣ. ಶರಣು ಶರಣಾರ್ಥಿ.