ದ್ವೀಪಯಾತ್ರೆಯ ಸಿದ್ಧತೆ

ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯಾದವಳು ಒಂದು ಲೇಖನವನ್ನು ಬರೆದುಕೊಡತಕ್ಕದ್ದೆಂಬುದು ನಮ್ಮ ಶಾಲೆಯಲ್ಲಿ ಮೊದಲಿನಿಂದ ನಡೆದುಬಂದ ಪದ್ಧತಿ. ಹಿಂದಿನ ಸಂಚಿಕೆಗಳಲ್ಲಿ ನಾನು ಶಿಸ್ತು, ಶುಚಿತ್ವ, ಕಾಲದ ಸದುಪಯೋಗ ಮುಂತಾದ ವಿಷಯಗಳನ್ನು ಕುರಿತು ಬರೆದಿದ್ದೇನೆ. ಅವುಗಳನ್ನು ಕೊನೆಯವರೆಗೆ ಓದಿದವರು ಎಷ್ಟು ಮಂದಿಯೆಂದು ವಿಚಾರಿಸುವ ಧೈರ್ಯ ನನಗೆ ಈವರೆಗೆ ಬಂದಿಲ್ಲ. ಈ ಸಲ ಉಪದೇಶವನ್ನು ಬದಿಗಿಟ್ಟು, ನನ್ನ ಸ್ವಂತ ಸಂಗತಿಯೊಂದನ್ನು ಹಳೆಯ ವಿದ್ಯಾರ್ಥಿನಿಯರ ಮತ್ತು ಪಾಲಕರ ಮುಂದಿಡುತ್ತೇನೆ. ಬರುವ ಏಪ್ರಿಲ್ ತಿಂಗಳ ಕೊನೆಯ ವಾರದಲ್ಲಿ ನಾನು ಲಕ್ಷದ್ವೀಪಕ್ಕೆ ಹೋಗಬೇಕೆಂದಿದ್ದೇನೆ. ನನ್ನ ಆಯುಷ್ಯದಲ್ಲಿ ಸಂತೋಷಕ್ಕೆಂದೇ ಕೈಕೊಳ್ಳುವ ಮೊದಲನೆಯ ಪ್ರವಾಸವಿದು. ಸಮುದ್ರವನ್ನು ನಾನು ನೋಡುವದೂ ಇದೇ ಮೊದಲು.

ನನ್ನ ಹುಟ್ಟೂರು ಪಾಮನಕಲ್ಲೂರು. ಕರಿಯ ನೆಲ, ಜೋಳ, ಹತ್ತಿ, ಬೇಸಗೆಯ ಬಿಸಿಲು, ಇವುಗಳ ನಡುವೆ ಬೆಳೆದವಳಿಗೆ ನೀರೆಂದರೆ ಕೊಡದಲ್ಲಿ ಹೊತ್ತು ತರುವ ವಸ್ತು. ನಮ್ಮ ತಾಲೂಕಿನ ಮುಖ್ಯಸ್ಥಳವಾದ ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಹೆಸರುಳ್ಳ ಶಾಸನವು ದೊರೆಯಿತೆಂಬುದನ್ನು ಪ್ರತಿ ವರ್ಷವೂ ಮಕ್ಕಳಿಗೆ ಹೇಳುತ್ತೇವೆ. ಅದೇ ಊರಿನಲ್ಲಿ 1954ರಲ್ಲಿ ನಡೆದ ಉತ್ಖನನದಲ್ಲಿ ಮಣಿಗಳ ಸಂಗಡ ಚಿಪ್ಪಿನ ಒಡವೆಗಳೂ ಸಿಕ್ಕಿದವು. ಸಾವಿರಾರು ವರುಷಗಳ ಹಿಂದೆಯೇ ಚಿಪ್ಪು ನಮ್ಮ ಸೀಮೆಗೆ ಬಂದು ಮುಟ್ಟಿತ್ತು. ಆದರೆ ಅಲ್ಲಿಯೇ ಹುಟ್ಟಿ, ಇಪ್ಪತ್ತು ವರುಷ ಭೂಗೋಲವನ್ನು ಕಲಿಸಿದ ನಾನು ನಲವತ್ತು ದಾಟಿದರೂ ಕಡಲಿನ ದಂಡೆಗೆ ಹೋಗಿರಲಿಲ್ಲ. ಕಳೆದ ವರ್ಷ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, "ಅಕ್ಕೋರೆ, ನೀವು ಸಮುದ್ರ ನೋಡೀರೇನ್ರಿ?" ಎಂದು ಕೇಳಿದಳು. ಇಲ್ಲವೆಂದೆ. ಅವಳಿಗೆ ಆಶ್ಚರ್ಯವಾಗಲಿಲ್ಲ, ನನಗೆ ನಾಚಿಕೆಯಾಯಿತು. ಆ ದಿನವೇ ಹೋಗುವದೆಂದು ನಿಶ್ಚಯಿಸಿದೆ.

ಹೋಗುವದಾದರೆ ಎಲ್ಲಿಗೆ? ಅಂದಮಾನ ದ್ವೀಪಗಳು ದೂರ. ಲಕ್ಷದ್ವೀಪವಾದರೋ ನಮ್ಮ ಪಡುವಣ ಕಡಲಿನಲ್ಲಿಯೇ ಇರುವದು. ಹೆಸರಿನಲ್ಲಿ ಲಕ್ಷವಿದ್ದರೂ ಪುಸ್ತಕದ ಲೆಕ್ಕಕ್ಕೆ ಅವು 36. ಜನವಸತಿಯುಳ್ಳವು 10 ಮಾತ್ರ. ಎಲ್ಲವನ್ನೂ ಒಟ್ಟುಗೂಡಿಸಿದರೂ ನೆಲವು 32 ಚದರ ಕಿಲೋಮೀಟರು. 2011ರ ಜನಗಣತಿಯಲ್ಲಿ ಅಲ್ಲಿಯ ಜನಸಂಖ್ಯೆ 64,473 ಇತ್ತು. ಕೊಚ್ಚಿಯಿಂದ ಈ ದ್ವೀಪಗಳು 220ರಿಂದ 440 ಕಿಲೋಮೀಟರುಗಳಷ್ಟು ದೂರದಲ್ಲಿ ಚದುರಿಕೊಂಡಿವೆ.

ಇವುಗಳಲ್ಲಿ ಕಡಮತ್ ಎಂಬ ದ್ವೀಪವನ್ನು ನಾನು ಆರಿಸಿಕೊಂಡೆ. ಅದಕ್ಕೊಂದು ಕಾರಣವುಂಟು. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾಟ್, ಬಿತ್ರಾ ಎಂಬ ಬಡಗಣ ದ್ವೀಪಗಳಿಗೆ ಅಮಿನ್‌ದೀವಿ ಎಂದು ಹೆಸರು. ಹದಿನೆಂಟನೆಯ ಶತಮಾನದ ಕೊನೆಗೆ ಇವು ಕಣ್ಣಾನೂರಿನ ಅರಕ್ಕಲ ಮನೆತನದ ಕೈಯಿಂದ ಟೀಪೂ ಸುಲ್ತಾನನ ಕೈಗೆ ಬಂದವು. 1799ರಲ್ಲಿ ಅವನು ಮಡಿದ ಮೇಲೆ ಕುಂಪಣಿಯವರ ವಶವಾಗಿ, ಮುಂದೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದವು. 1956ರಲ್ಲಿ ಕೇಂದ್ರಾಡಳಿತ ಪ್ರದೇಶವಾಗುವ ವರೆಗೂ ಅವುಗಳ ಕಾರಭಾರ ಮಂಗಳೂರಿನಿಂದಲೇ ನಡೆಯುತ್ತಿತ್ತು. ದ್ವೀಪದವರು ತೆಂಗಿನ ನಾರಿನ ಹುರಿಯನ್ನು ಓಡಗಳಲ್ಲಿ ಹೇರಿಕೊಂಡು ಮಂಗಳೂರಿಗೆ ಬಂದು, ಸರಕಾರಕ್ಕೆ ಒಪ್ಪಿಸಿ, ಅದರ ಬದಲಿಗೆ ಅಕ್ಕಿಯನ್ನು ಒಯ್ಯುತ್ತಿದ್ದರು. ಕನ್ನಡ ಜಿಲ್ಲೆಯ ಅಕ್ಕಿಯನ್ನು ಉಂಡ ಊರು ನನಗೆ ಪೂರ್ತಿ ಪರಸ್ಥಳವಾಗದೆಂದು ತೋರಿತು.

ಇನ್ನು ಸಿದ್ಧತೆಯ ವಿಷಯ. ಮೇ ತಿಂಗಳ ನಡುವಿನಿಂದ ಸೆಪ್ಟೆಂಬರದ ನಡುವಿನ ವರೆಗೆ ಮಳೆಗಾಲದ ಕಡಲು ಒರಟಾಗುವದರಿಂದ ಆಗ ಪ್ರವಾಸಿಗಳು ಹೋಗತಕ್ಕದ್ದಲ್ಲ. ನಮಗೋ ಏಪ್ರಿಲ್ 10ರಂದು ಫಲಿತಾಂಶವನ್ನು ಓದಿಹೇಳಿದ ಮೇಲೆಯೇ ಬಿಡುವು. ಆಮೇಲೆ ಉತ್ತರಪತ್ರಿಕೆಗಳ ಮೌಲ್ಯಮಾಪನ. ಈ ಎರಡರ ನಡುವೆ ದೊರೆಯುವ ಸಂದಿ ಹತ್ತು ಹನ್ನೆರಡು ದಿನಗಳದು. ರಾಯಚೂರಿನಲ್ಲಿ ಗುಂತಕಲ್ಲಿನ ಮಾರ್ಗವಾಗಿ ಹೋಗುವ ರೈಲನ್ನು ಹತ್ತಿದರೆ ಸುಮಾರು ಒಂದು ಹಗಲು ಒಂದು ರಾತ್ರಿಯ ಪ್ರಯಾಣದಿಂದ ಎರ್ನಾಕುಲಂ. ಅಲ್ಲಿಂದ ಹಡಗಿನಲ್ಲಿ ಮತ್ತೊಂದು ರಾತ್ರಿ.

ಲಕ್ಷದ್ವೀಪಕ್ಕೆ ಹೊರಗಿನವರು ಪರವಾನಗಿಯಿಲ್ಲದೆ ಕಾಲಿಡಕೂಡದು. ದ್ವೀಪನಿವಾಸಿಗಳ ನೆಲ ಮತ್ತು ಜೀವನಕ್ರಮದ ರಕ್ಷಣೆಗಾಗಿ 1967ರಿಂದ ಈ ನಿಯಮವಿದೆ. ಅರ್ಜಿಯ ಸಂಗಡ ಇಡುವದಕ್ಕಾಗಿ ನಡತೆಯ ಪ್ರಮಾಣಪತ್ರವನ್ನು ಕೇಳಿಕೊಂಡು ನಾನು ಪೊಲೀಸ ಠಾಣೆಗೆ ಹೋದೆ. ಅಲ್ಲಿದ್ದ ಹಿರಿಯ ಜಮಾದಾರರು ಗಾಬರಿಯಿಂದೆದ್ದು ಕುರ್ಚಿ ಕೊಟ್ಟು, "ಯಾವ ದೇಶಕ್ಕ ಹೊಂಟೀರ್ರಿ ಅಕ್ಕೋರೆ?" ಎಂದರು. ನಮ್ಮ ದೇಶಕ್ಕೇ ಎಂದೆ. "ನಮ್ಮ ದೇಶಕ್ಕ ಹೋಗಾಕ ನಮ್ಮ ಚೀಟಿ ಯಾಕ್ರಿ?" ಎಂದು ಅವರು ಕೇಳಲಾಗಿ, ಠಾಣೆಯಲ್ಲಿಯೇ ಭಾರತದ ನಕಾಶದ ಮುಂದೆ ನಿಂತು ಒಂದು ಪಾಠವನ್ನು ಮಾಡಬೇಕಾಯಿತು. ಸಾವಿರಾರು ಹುಡುಗಿಯರಿಗೆ ಸನ್ನಡತೆಯ ಪತ್ರ ಬರೆದುಕೊಟ್ಟ ಕೈ ತನ್ನ ಸನ್ನಡತೆಯ ಪತ್ರಕ್ಕಾಗಿ ರುಜು ಹಾಕಿತು. ಅದು ನನಗೆ ಒಳ್ಳೆಯದೇ ಆಯಿತು.

ಖರ್ಚಿನ ಮಾತು ಅಷ್ಟು ಹಗುರವಾಗಿರಲಿಲ್ಲ. ಎರಡು ತಿಂಗಳ ಸಂಬಳಕ್ಕೆ ಸಮೀಪವಾದ ಹಣವಿದು. ಈ ಹಣದಿಂದ ವಸತಿಗೃಹದ ಒಬ್ಬ ಹುಡುಗಿಯ ಶುಲ್ಕವನ್ನು ಕೊಡಬಹುದಲ್ಲವೇ ಎಂದು ನನ್ನ ಮನಸ್ಸೇ ಅನೇಕ ರಾತ್ರಿ ನನ್ನನ್ನು ಕೇಳಿತು. ಕೊನೆಗೆ ಎರಡನ್ನೂ ಮಾಡುವದೆಂದು ನಿರ್ಧರಿಸಿ, ಶುಲ್ಕದ ಹಣವನ್ನು ಮೊದಲು ಎತ್ತಿಟ್ಟು, ಪ್ರವಾಸವನ್ನು ಒಂದು ವರ್ಷ ಮುಂದೂಡಿದೆ. ಅವ್ವನನ್ನು ಕರಕೊಂಡು ಹೋಗಬೇಕೆಂದು ನನ್ನ ಆಶೆಯಿತ್ತು. ಆದರೆ ಎಷ್ಟೋ ಕಡೆ ಹಡಗು ದೂರ ನಿಂತು, ಅಲ್ಲಿಂದ ಓಲಾಡುವ ಚಿಕ್ಕ ದೋಣಿಗೆ ಇಳಿಯಬೇಕಾಗುವದು. ಎಪ್ಪತ್ತು ದಾಟಿದ ಅವಳ ಮೊಣಕಾಲಿಗೆ ಅದು ಆಗದು. ಹೇಳಿದಾಗ ಅವಳು, "ನನಗ ನಮ್ಮ ಹಳ್ಳದ ನೀರ ಸಾಕವ್ವ. ನೀ ಹೋಗಿ ಬಾ" ಎಂದಳು. ನಾನು ಸುಮ್ಮನಾದೆ.

ಈಗ ನಾನು ಈ ಲೇಖನವನ್ನು ಬರೆಯಲು ನಿಜವಾದ ಕಾರಣಕ್ಕೆ ಬರುವೆನು.

ನಾನು ಶಿಕ್ಷಕಿಯಾದ ಮೊದಲನೆಯ ವರ್ಷ. ಶಿಕ್ಷಣ ಪದವಿ ಪಡೆದು ಬಂದ ಹುರುಪಿನಲ್ಲಿ ಎಂಟನೆಯ ತರಗತಿಗೆ ಭೂಗೋಲವನ್ನು ಕಲಿಸುತ್ತಿದ್ದೆ. "ನಾಲ್ಕೂ ಕಡೆ ನೀರಿನಿಂದ ಸುತ್ತುವರಿಯಲ್ಪಟ್ಟ ಭೂಭಾಗಕ್ಕೆ ದ್ವೀಪವೆನ್ನುವರು" ಎಂದು ಹಲಗೆಯ ಮೇಲೆ ಬರೆದು ಹೇಳಿಸುತ್ತಿದ್ದಾಗ, ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು ನಿಂತು, "ಅಕ್ಕೋರೆ, ದ್ವೀಪದ ಕೆಳಗೂ ನೀರು ಇರ್ತಾವೇನ್ರಿ?" ಎಂದು ಕೇಳಿದಳು. ಪಾಠವನ್ನು ಬೇಗ ಮುಗಿಸುವ ಆತುರ ನನಗೆ. "ಕೆಳಗೂ ನೀರಿದ್ದರೆ ಅದು ದ್ವೀಪವಲ್ಲ, ದೋಣಿ" ಎಂದೆ. ತರಗತಿಯೆಲ್ಲ ನಕ್ಕಿತು. ನನ್ನ ಚಾತುರ್ಯಕ್ಕೆ ನಾನೂ ನಕ್ಕೆ. ಅವಳು ಕುಳಿತುಕೊಂಡಳು. ಆ ವರ್ಷ ಅವಳು ಮತ್ತೆ ಯಾವ ಪ್ರಶ್ನೆಯನ್ನೂ ಕೇಳಿದ್ದು ನನಗೆ ನೆನಪಿಲ್ಲ. ಮರುವರ್ಷ ಅವಳು ಶಾಲೆಗೆ ಬರಲಿಲ್ಲ, ಲಗ್ನವಾಯಿತೆಂದು ಕೇಳಿದೆವು. ನನ್ನ ಮಾತಿನಿಂದಲೇ ಹಾಗಾಯಿತೆಂದು ನಾನು ಹೇಳಲಾರೆ. ಆದರೆ ಶಾಲೆಯಲ್ಲಿ ಉಳಿಯಲು ಅವಳಿಗೆ ಒಂದು ಕಾರಣ ಕಡಿಮೆಯಾಯಿತೆಂಬುದನ್ನು ಅಲ್ಲಗಳೆಯಲೂ ಆರೆ.

ಅವಳು ಲಿಂಗಸುಗೂರು ತಾಲೂಕಿನವಳು, ಕೃಷ್ಣೆಯ ನಡುಗಡ್ಡೆಯ ಕಡೆಯವಳು. ಜಲದುರ್ಗದ ಆಚೀಚೆ ಹೊಳೆಯು ಕವಲೊಡೆದು ಹರಿಯುವ ಸೀಮೆ ಅದು. ನಾರಾಯಣಪುರದ ಜಲಾಶಯದಿಂದ ಹೆಚ್ಚು ನೀರು ಬಿಟ್ಟ ವರ್ಷ ಶೀಲಹಳ್ಳಿಯ ಸೇತುವೆ ಮುಳುಗಿ, ಅಲ್ಲಿಯ ಜನರಿಗೆ ಹೊರಗಿನ ದಾರಿ ಕಟ್ಟಾಗುವದನ್ನು ನಮ್ಮ ಸೀಮೆಯವರು ಬಲ್ಲರು. 2019ರ ಪ್ರವಾಹದ ಸುದ್ದಿಯನ್ನು ಓದುತ್ತಿದ್ದಾಗ ನನಗೆ ಅವಳ ನೆನಪಾಯಿತು. ಆ ತರಗತಿಯಲ್ಲಿ ದ್ವೀಪದಂಥ ನೆಲದ ಮೇಲೆ ಬಾಳಿದವಳು ಅವಳೊಬ್ಬಳೇ. ಹೊಳೆಯ ನಡುವಿನ ನೆಲವನ್ನು ತೋಡಿದರೆ ನೀರು ಜಿನುಗುವದನ್ನು ಕಂಡವಳು ಕೇಳಿದ ಪ್ರಶ್ನೆ ಅದು. ಕಲಿಸುತ್ತಿದ್ದ ನಾನು ಕಂಡದ್ದು ನಕಾಶ ಮಾತ್ರ.

ಪ್ರವಾಸಕ್ಕೆಂದು ಪುಸ್ತಕಗಳನ್ನು ತರಿಸಿ ಓದಲಾಗಿ, ಹವಳದ ದ್ವೀಪದ ರಚನೆ ತಿಳಿಯಿತು. ಹವಳವು ಕಲ್ಲಲ್ಲ, ಸಣ್ಣ ಜೀವಿಗಳು ತಮ್ಮ ಸುತ್ತ ಕಟ್ಟಿಕೊಳ್ಳುವ ಸುಣ್ಣದ ಗೂಡು. ಸಮುದ್ರದೊಳಗಿನ ಬೆಟ್ಟವು ಮೆಲ್ಲಮೆಲ್ಲನೆ ತಗ್ಗುತ್ತಿರುವಾಗ, ಅದರ ಅಂಚಿನಲ್ಲಿ ಹವಳವು ಬೆಳಕಿನ ಕಡೆಗೆ ಮೇಲೆ ಮೇಲೆ ಬೆಳೆಯುವದು. ಕೊನೆಗೆ ಬೆಟ್ಟ ಮುಳುಗಿ ಹವಳದ ಬಳೆ ಉಳಿಯುವದು. ಡಾರ್ವಿನ್ ಪಂಡಿತನು 1842ರ ತನ್ನ ಗ್ರಂಥದಲ್ಲಿ ಇದನ್ನು ವಿವರಿಸಿದನು. ಬಳೆಯ ಮೇಲೆ ಹವಳದ ಮರಳು ಕೂಡಿ ಆದ ನೆಲವೇ ದ್ವೀಪ. ಸಮುದ್ರಮಟ್ಟದಿಂದ ಅದರ ಎತ್ತರ ಕೆಲವೇ ಮೀಟರು. ಕಡಮತ್ ದ್ವೀಪದ ಉದ್ದ ಸುಮಾರು 9 ಕಿಲೋಮೀಟರಾದರೆ, ಅಗಲವು ಹೆಚ್ಚೆಂದರೆ ಅರ್ಧ ಕಿಲೋಮೀಟರಿಗಿಂತ ತುಸು ಹೆಚ್ಚು. ಅಲ್ಲಿ ಹೊಳೆಯಿಲ್ಲ, ಹಳ್ಳವಿಲ್ಲ. ಹಾಗಾದರೆ ಕುಡಿಯುವ ನೀರು ಎಲ್ಲಿಯದು?

ನೆಲದ ಕೆಳಗಿನದು. ಬಿದ್ದ ಮಳೆ ಮರಳಿನಲ್ಲಿ ಇಂಗಿ, ಕೆಳಗಿರುವ ಉಪ್ಪುನೀರಿಗಿಂತ ಹಗುರವಾಗಿರುವದರಿಂದ ಅದರ ಮೇಲೆ ತೇಲಿಕೊಂಡು ನಿಲ್ಲುವದು. ನಡುವೆ ದಪ್ಪ, ಅಂಚಿಗೆ ತೆಳುವಾದ ಈ ಸಿಹಿನೀರಿನ ಪದರವು ಕನ್ನಡಕದ ಗಾಜಿನ ಆಕಾರದಲ್ಲಿರುವದು. ಸಮುದ್ರಮಟ್ಟಕ್ಕಿಂತ ಒಂದು ಗೇಣು ಮೇಲಿದ್ದರೆ ಸುಮಾರು ನಲವತ್ತು ಗೇಣು ಕೆಳಗಿರುವದೆಂದು ಲೆಕ್ಕ. ಮಿತಿಮೀರಿ ಸೇದಿದರೆ ಕೆಳಗಿನ ಉಪ್ಪು ಮೇಲೇರಿ ಬಾವಿ ಕೆಡುವದು. ಕವರತ್ತಿ ದ್ವೀಪದಲ್ಲಿ 2005ರಲ್ಲಿ ಕಡಲಿನ ನೀರನ್ನೇ ಸಿಹಿಮಾಡುವ, ದಿನಕ್ಕೆ ಒಂದು ಲಕ್ಷ ಲೀಟರಿನ ಸ್ಥಾವರವನ್ನು ಕಟ್ಟಬೇಕಾಯಿತು. ಸಿಂಧನೂರಿನ ನಾಲೆಯ ಬಯಲಿನಲ್ಲಿ ನೀರು ಹೆಚ್ಚಾಗಿ ಉಪ್ಪೆದ್ದು ಜವುಳಾದ ಹೊಲಗಳನ್ನು ಕಂಡವರಿಗೆ ಈ ಮಾತು ಬೇಗ ತಿಳಿಯುವದು.

ಇದನ್ನು ಓದಿದ ರಾತ್ರಿ ನಾನು ಪುಸ್ತಕವನ್ನು ಮುಚ್ಚಿ ಬಹಳ ಹೊತ್ತು ಕುಳಿತೆ. ದ್ವೀಪದ ಕೆಳಗೂ ನೀರಿದೆ. ಅವಳ ಪ್ರಶ್ನೆ ಸರಿಯಾಗಿತ್ತು. ನನ್ನ ಉತ್ತರ ತಪ್ಪಾಗಿತ್ತು, ಅದರ ಮೇಲೆ ನಗೆಯೂ ಆಗಿತ್ತು.

ಪ್ರವಾಸದ ಪೆಟ್ಟಿಗೆಯ ಮಾತನ್ನೂ ಹೇಳುವೆನು. ಹತ್ತಿಯ ಸೀರೆಗಳು ನಾಲ್ಕು, ಕೊಡೆ, ಹಡಗಿನಲ್ಲಿ ತಲೆ ತಿರುಗಿದರೆ ಔಷಧ, ಅವ್ವ ಮಾಡಿಕೊಡುವ ಖಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿ, ಒಂದು ನೋಟುಪುಸ್ತಕ. ಶಾಲೆಯ ಕಪಾಟಿಗೆ ಒಂದು ಹವಳದ ತುಂಡನ್ನು ತರಬೇಕೆಂದು ಮೊದಲು ಎಣಿಸಿದ್ದೆ. ವನ್ಯಜೀವಿ ಸಂರಕ್ಷಣೆಯ 1972ರ ಕಾಯಿದೆಯ ಮೇರೆಗೆ ಅದು ಅಪರಾಧವೆಂದು ತಿಳಿದು ಬಿಟ್ಟುಕೊಟ್ಟೆ. ಅಲ್ಲದೆ ಹವಳಕ್ಕೆ ಈಗಿರುವ ಕಷ್ಟವೇ ಸಾಕು. ನೀರಿನ ಕಾವು ಏರಿದಾಗ ಅದು ತನಗೆ ಬಣ್ಣವನ್ನೂ ಆಹಾರವನ್ನೂ ಕೊಡುವ ಪಾಚಿಯನ್ನು ಹೊರದೂಡಿ ಬಿಳಚಿಕೊಳ್ಳುವದು. 1998ರಲ್ಲಿಯೂ 2016ರಲ್ಲಿಯೂ ಲಕ್ಷದ್ವೀಪದ ಹವಳ ಬಹಳ ನಾಶವಾಯಿತು. ಆದಕಾರಣ ಕಪಾಟಿಗೆ ನಾನು ಬರೆದ ಚಿತ್ರ ಬರುವದು, ಹವಳವು ಕಡಲಿನಲ್ಲಿಯೇ ಇರುವದು.

ಕಡಮತ್‌ನಲ್ಲಿ ಮೊದಲು ಒಂದು ಬಾವಿಯನ್ನು ನೋಡಬೇಕೆಂದಿದ್ದೇನೆ. ಅದರ ಒಡತಿಯ ಅಪ್ಪಣೆಯನ್ನು ಪಡೆದು ಒಂದು ಬೊಗಸೆ ನೀರನ್ನು ಕುಡಿಯಬೇಕು. ಒಡತಿ ಎಂದು ಬರೆದದ್ದು ಕೈತಪ್ಪಿ ಅಲ್ಲ. ಆ ದ್ವೀಪಗಳ ಮುಸಲ್ಮಾನ ಕುಟುಂಬಗಳಲ್ಲಿ ಮನೆತನ ತಾಯಿಯ ಕಡೆಯಿಂದ ನಡೆದುಬಂದ ಪದ್ಧತಿಯುಂಟು. ದಕ್ಷಿಣ ಕನ್ನಡದ ಅಳಿಯಸಂತಾನವನ್ನು ಬಲ್ಲವರಿಗೆ ಇದು ಹೊಸತಲ್ಲ.

ಆ ಹುಡುಗಿ ಈಗ ಮೂವತ್ತು ದಾಟಿದ ಹೆಂಗಸು. ಸಿಂಧನೂರಿನ ಕಡೆ ಇರುವಳೆಂದು ಒಬ್ಬ ಹಳೆಯ ವಿದ್ಯಾರ್ಥಿನಿ ಹೇಳಿದಳು. ಅದಕ್ಕಿಂತ ಹೆಚ್ಚು ತಿಳಿಯಲಿಲ್ಲ. ಅವಳ ಹೆಸರನ್ನು ಇಲ್ಲಿ ಬರೆದು ಮತ್ತೊಮ್ಮೆ ಅವಳನ್ನು ನಾಲ್ವರ ಮುಂದೆ ನಿಲ್ಲಿಸಲಾರೆ. ಅವಳ ಸಂಗಡ ಓದಿದವರು ಈ ಸಂಚಿಕೆಯನ್ನು ನೋಡುವರು; ಅಂದು ನಕ್ಕವರಿಗೆ ಆ ದಿನದ ನೆನಪೂ ಇರಬಹುದು. ಅವಳು ಕಂಡರೆ ದಯಮಾಡಿ ಈ ಪುಟವನ್ನು ಓದಿಹೇಳಿರಿ. ಅವಳ ಮನೆಯಲ್ಲಿ ಶಾಲೆಗೆ ಬರತಕ್ಕ ವಯಸ್ಸಿನ ಮಗಳಿದ್ದರೆ ನಮ್ಮಲ್ಲಿ ಸ್ಥಳವಿದೆಯೆಂದೂ, ಪ್ರಶ್ನೆ ಕೇಳಿದ ಹುಡುಗಿಯನ್ನು ನಗಿಸಿ ಕೂಡಿಸಬಾರದೆಂದು ಶಿಕ್ಷಕಿಯರ ಸಭೆಯಲ್ಲಿ ನನ್ನ ಈ ಕಥೆಯನ್ನೇ ಹೇಳಿದ್ದೇನೆಂದೂ ತಿಳಿಸಿರಿ.

ಪರವಾನಗಿ ಇನ್ನೂ ಬಂದಿಲ್ಲ. ಬಂದ ಕೂಡಲೆ ಟಿಕೀಟು ತೆಗೆಸುವೆನು. ಮೊನ್ನೆ ಪಾಮನಕಲ್ಲೂರಿಗೆ ಹೋದಾಗ ಈ ಬಾವಿಯ ಸಂಗತಿಯನ್ನೆಲ್ಲ ಅವ್ವನಿಗೆ ಹೇಳಿದೆ. ಜೋಳ ಹಸನು ಮಾಡುತ್ತಿದ್ದ ಅವಳು ಮೊರವನ್ನು ಕೆಳಗಿಟ್ಟು, "ಸುತ್ತ ಉಪ್ಪ ನೀರಿದ್ರೂ ನಡುವ ಸಿಹಿ ಇರ್ತಾವಂದ್ರ ನೋಡಿ ಬರಬೇಕವ್ವ. ಕುಡುದು ನೋಡಿ ಬಂದು ನನಗ ಹೇಳು" ಎಂದಳು. ಹೇಳುವದಾಗಿ ಮಾತು ಕೊಟ್ಟು ಬಂದಿದ್ದೇನೆ. ಮುಂದಿನ ಸಂಚಿಕೆಯಲ್ಲಿ ನಿಮಗೂ ಹೇಳುವೆನು.