ಅಕ್ಕನ ಇಎಸ್‌ಐ ಕಾರ್ಡು

2023ರ ಏಪ್ರಿಲ್‌ನಲ್ಲಿ ಕೆ.ಆರ್. ಪುರದ ನಮ್ಮ ಬಾಡಿಗೆ ಮನೆಯಲ್ಲಿ ಹೋಳಿಗೆ ಮಾಡಿದ್ದೆವು. ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ಅಕ್ಕನ ಸಂಬಳ 20,500ರಿಂದ 22,000 ರೂಪಾಯಿಗೆ ಏರಿತ್ತು. ಇಎಸ್‌ಐಗೆಂದು ಕಡಿತವಾಗುತ್ತಿದ್ದ ನೂರೈವತ್ತು ಚಿಲ್ಲರೆಯೂ ಉಳಿಯಿತೆಂದು ಖುಷಿಪಟ್ಟಿದ್ದೆವು.

ಮರುವರ್ಷ ಫೆಬ್ರವರಿಯಲ್ಲಿ ಅವಳಿಗೆ ಕಾಮಾಲೆ ಬಂತು. ವೈದ್ಯರು ಮೂರು ವಾರ ವಿಶ್ರಾಂತಿ ಬರೆದರು. ವಾರ್ಡಿನ ವಾಟ್ಸ್ಆ್ಯಪ್ ಗುಂಪಿಗೆ ದಿನವೂ ಡ್ಯೂಟಿ ಪಟ್ಟಿ ಬರುತ್ತಿತ್ತು. ಅಕ್ಕನ ಹೆಸರಿನ ಮುಂದೆ ರಜೆ, ಇನ್ನೊಬ್ಬಳ ಹೆಸರಿನ ಮುಂದೆ ಡಬಲ್ ಡ್ಯೂಟಿ. ಯಾರೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ನನ್ನ ಕಾಮಾಲೆಗೆ ಅವಳು ಹದಿನಾರು ಗಂಟೆ ನಿಲ್ಲಬೇಕಾ?" ಎಂದು ಅಕ್ಕ ಗೋಡೆ ಕಡೆ ತಿರುಗಿಕೊಂಡಳು. ಮಾರ್ಚ್‌ಗೆ ಅವಳ ಗುತ್ತಿಗೆಯ ನವೀಕರಣವೂ ಇತ್ತು.

ಪಿಎಚ್.ಡಿ. ಮಾಡುವವಳಿಗೆ ಬರುವುದು ಓದುವುದೊಂದೇ. 1948ರ ಇಎಸ್‌ಐ ಕಾಯ್ದೆ ಹಿಡಿದು ಕೂತೆ. ಕಾಯಿಲೆ ಬಿದ್ದವರಿಗೆ ವರ್ಷಕ್ಕೆ 91 ದಿನಗಳವರೆಗೆ ಸಂಬಳದ ಶೇ. 70ರಷ್ಟು ಭತ್ಯೆ. ಅದನ್ನು ಪಡೆಯುತ್ತಿರುವಾಗ ಕೆಲಸದಿಂದ ತೆಗೆಯುವಂತಿಲ್ಲ ಎನ್ನುತ್ತಿತ್ತು 73ನೇ ಸೆಕ್ಷನ್. "ಏಳು, ಇಂದಿರಾನಗರದ ಇಎಸ್‌ಐ ಆಸ್ಪತ್ರೆಗೆ ಹೋಗೋಣ" ಎಂದೆ. ಅಕ್ಕ ಪೇ ಸ್ಲಿಪ್ ತೋರಿಸಿದಳು. ಇಎಸ್‌ಐ ಸಾಲಿನಲ್ಲಿ ಸೊನ್ನೆ. 21,000 ದಾಟಿದವರು ಆ ಯೋಜನೆಗೆ ಹೊರಗೆ. 2017ರಿಂದಲೂ ಮಿತಿ ಅಷ್ಟೇ ಇತ್ತು. ನಾವು ಹೋಳಿಗೆ ತಿಂದದ್ದು ಆ ಸೊನ್ನೆಗೆ.

ಇನ್ನೊಂದು ಕಾಗದವೂ ಸಿಕ್ಕಿತು. 2016ರಲ್ಲಿ ಸುಪ್ರೀಂ ಕೋರ್ಟ್ ಆದೇಶದ ಮೇರೆಗೆ ರಚನೆಯಾದ ಕೇಂದ್ರದ ಸಮಿತಿಯ ಶಿಫಾರಸು: 200ಕ್ಕಿಂತ ಹೆಚ್ಚು ಹಾಸಿಗೆಗಳ ಖಾಸಗಿ ಆಸ್ಪತ್ರೆಗಳಲ್ಲಿ ನರ್ಸ್‌ಗಳ ಸಂಬಳ ರಾಜ್ಯ ಸರ್ಕಾರಿ ನರ್ಸ್‌ಗಳಷ್ಟೇ ಇರಬೇಕು, ರಜೆ ಮತ್ತು ಕೆಲಸದ ಅವಧಿಯೂ ಹಾಗೆಯೇ. ಅಕ್ಕನಿಗೆ ಓದಿ ಹೇಳಿದೆ. "ಶಿಫಾರಸು ತಾನೇ? ಬಿಡೇ" ಎಂದಳು.

ಹನ್ನೆರಡನೇ ದಿನ ಅವಳು ಯೂನಿಫಾರ್ಮ್ ಇಸ್ತ್ರಿ ಮಾಡಿದಳು. ಕಣ್ಣಿನ ಹಳದಿ ಪೂರ್ತಿ ಇಳಿದಿರಲಿಲ್ಲ. ನಾನು ತಡೆಯಲಿಲ್ಲ. ನನ್ನ ಫೆಲೋಶಿಪ್ ನಾಲ್ಕು ತಿಂಗಳಿಂದ ಬಂದಿರಲಿಲ್ಲ, ಬಾಡಿಗೆ ಅವಳೇ ಕಟ್ಟುತ್ತಿದ್ದಳು. ಈ ಮಾತನ್ನು ನಾವಿಬ್ಬರೂ ಆಡಲಿಲ್ಲ.

ಹಲಸೂರಿಗೆ ಮೆಟ್ರೋ ಹತ್ತಿಸಲು ಜೊತೆಗೆ ಹೋದೆ. ನನ್ನ ಪ್ರಬಂಧದ ಒಂದು ಇಡೀ ಅಧ್ಯಾಯ ಕನ್ನಡ ಕಾದಂಬರಿಗಳಲ್ಲಿನ ಹೆಣ್ಣಿನ ದುಡಿಮೆಯ ಬಗ್ಗೆ ಇದೆ. ಆ ಬೆಳಗ್ಗೆ ನಾನು ಮಾಡಿದ್ದು ಅವಳ ಡಬ್ಬಿಗೆ ಎಣ್ಣೆಯಿಲ್ಲದ ತಿಳಿಸಾರು, ಅನ್ನ ಹಾಕಿಕೊಟ್ಟದ್ದು ಮಾತ್ರ.