ಹೊರಿಸುವ ಕೈಯ ಸಂಯಮ

ವ್ಯಾಯಾಮಶಾಲೆಯ ಹೊಸ್ತಿಲನ್ನು ಮೊದಲ ಬಾರಿಗೆ ದಾಟುವವನು ಎರಡು ಭಾರಗಳನ್ನು ಹೊತ್ತೇ ಬಂದಿರುತ್ತಾನೆ. ಒಂದು, ತಕ್ಕಡಿಗೆ ಕಾಣುವ ದೇಹದ ಭಾರ. ಇನ್ನೊಂದು, ಯಾವ ತಕ್ಕಡಿಗೂ ಕಾಣದ ಸಂಕೋಚದ ಭಾರ. ಇಂಥವನ ಮೇಲೆ ಮೂರನೆಯ ಭಾರವನ್ನು ಎಷ್ಟು ಹೊರಿಸಬೇಕು, ಯಾವಾಗ ಹೊರಿಸಲಾಗದು ಎಂಬುದನ್ನು ಅರಿತವನೇ ಶಿಕ್ಷಕ. ಉಳಿದವರು ಕಬ್ಬಿಣವನ್ನು ಬಾಡಿಗೆಗೆ ಕೊಡುವವರು ಮಾತ್ರ.

ಮುಂಡಗೋಡ ತಾಲ್ಲೂಕಿನ ಮಳಗಿ, ಧರ್ಮಾ ಜಲಾಶಯದ ಮಗ್ಗುಲಿನ ಊರು. ಅತ್ತ ಹಳಿಯಾಳವು ಕುಸ್ತಿಗೆ ಹೆಸರಾದ ಸೀಮೆ. ಗದ್ದೆಯಲ್ಲಿ ಬೆವರು ಸುರಿಸಿ ದುಡಿಯುವವನಿಗೆ ಬೇರೆ ವ್ಯಾಯಾಮವೇಕೆ ಎಂದು ಹಿರಿಯರು ಕೇಳುತ್ತಿದ್ದ ಕಾಲವೊಂದಿತ್ತು. ಈಗ ಅಂಗಡಿಯ ಗಲ್ಲಾದ ಮುಂದೆ, ಕಚೇರಿಯ ಮೇಜಿನ ಮುಂದೆ ದಿನವಿಡೀ ಕುಳಿತಿರುವವರು ಹಳ್ಳಿಗಳಲ್ಲಿಯೂ ಇದ್ದಾರೆ. ಇಂಥವರ ಬೇಡಿಕೆಯನ್ನು ಕಂಡೇ ಮಳಗಿಯ ತರುಣನೊಬ್ಬನು, ಹುಬ್ಬಳ್ಳಿಯಲ್ಲಿ ಕೆಲವು ವರ್ಷ ತರಬೇತುದಾರನಾಗಿದ್ದು, ಊರಿಗೆ ಮರಳಿ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಚಿಕ್ಕದೊಂದು ವ್ಯಾಯಾಮಶಾಲೆಯನ್ನು ತೆರೆದನು.

ಅವನಲ್ಲಿಗೆ ಬಂದವರಲ್ಲಿ ಪೊಲೀಸ್ ನೇಮಕಾತಿಗೆ ಸಿದ್ಧನಾಗುತ್ತಿದ್ದ ಹತ್ತೊಂಬತ್ತರ ಹುಡುಗನೂ ಒಬ್ಬ. ಹುಡುಗನಿಗೆ ಆತುರ. ಮೊದಲನೆಯ ದಿನವೇ ನೂರಾರು ಬೈಠಕ್ ಹೊಡೆಯುವೆನೆಂದನು. ಶಿಕ್ಷಕನಿಗೂ ಅವನ ಹುಮ್ಮಸ್ಸು ಮೆಚ್ಚಿಗೆಯಾಯಿತು. ನೋಡುತ್ತ ನಿಂತಿದ್ದವರ ಚಪ್ಪಾಳೆಯೂ ಸೇರಿತು. ಮೂರನೆಯ ದಿನ ಹುಡುಗನ ತೊಡೆಗಳು ಬಾತುಕೊಂಡವು. ಮೂತ್ರ ಚಹಾದ ಬಣ್ಣಕ್ಕೆ ತಿರುಗಿತು. ಅತಿಶ್ರಮದಿಂದ ಸ್ನಾಯುವಿನ ಎಳೆಗಳು ಒಡೆದು, ಅದರೊಳಗಿನ ಮಯೋಗ್ಲೋಬಿನ್ ಎಂಬ ದ್ರವ್ಯವು ರಕ್ತಕ್ಕೆ ಸೇರಿ, ಮೂತ್ರಪಿಂಡಗಳಿಗೆ ಅಪಾಯ ತರುವ ಸ್ಥಿತಿಯದು. ಸಕಾಲದಲ್ಲಿ ಆಸ್ಪತ್ರೆಗೆ ಸೇರಿಸಿದ್ದರಿಂದ ಹುಡುಗನು ಉಳಿದನು.

ಶಿಕ್ಷಕನು ಹುಡುಗನ ತಂದೆಯ ಬಳಿಗೆ ಹೋಗಿ ತೆಗೆದುಕೊಂಡ ಹಣವನ್ನು ಮುಂದಿಟ್ಟನು. ತಂದೆ ಸಾತ್ತ್ವಿಕರು. “ಅವನೇ ಕೇಳಿ ಮಾಡಿದ್ದಲ್ಲವೇ? ನಿನ್ನದೇನು ತಪ್ಪು?” ಎಂದರು. ತರುಣನ ಉತ್ತರ ಚಿಕ್ಕದು: “ಅವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.”

ಈ ಎರಡು ಮಾತುಗಳಲ್ಲಿ ವೃತ್ತಿಧರ್ಮದ ತಿರುಳೆಲ್ಲ ಅಡಗಿದೆ. ತಿಳಿಯದವನ ಒಪ್ಪಿಗೆಯು ತಿಳಿದವನ ಹೊಣೆಯನ್ನು ಇಳಿಸುವುದಿಲ್ಲ. ತೀರಿಸಲಾರದ ಸಾಲವನ್ನು ಗಿರಾಕಿ ತಾನಾಗಿ ಬೇಡಿದನೆಂಬ ಕಾರಣಕ್ಕೆ, ಅವನ ಸ್ಥಿತಿಯನ್ನು ಬಲ್ಲ ಸಾಹುಕಾರನು ನಿರ್ದೋಷಿಯಾಗುವನೇ?

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೆಸರಿಸುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಎತ್ತು ಕುದುರೆಗಳ ಮೇಲೆ, ಆಳುಗಳ ಮೇಲೆ ಅಳತೆ ಮೀರಿ ಹೊರೆ ಹೇರುವುದನ್ನು ನೆನೆದು ಶ್ರಾವಕರು ಇದನ್ನು ಓದುತ್ತ ಬಂದಿದ್ದಾರೆ. ಎತ್ತುಗಾಡಿಗಳು ವಿರಳವಾದ ಈ ದಿನಗಳಲ್ಲಿ ಅತಿಭಾರಾರೋಪಣವೆಂಬ ಮಾತು ಹಳತಾಯಿತೆಂದು ಭಾವಿಸುವವರು ಇಂದಿನ ವ್ಯಾಯಾಮಶಾಲೆಯನ್ನೊಮ್ಮೆ ನೋಡಬೇಕು. ಹೊಸಬನ ಹೆಗಲಿಗೆ ಮೊದಲ ವಾರದಲ್ಲೇ ಹಳಬನ ತೂಕವನ್ನು ಏರಿಸುವುದು ಅತಿಭಾರಾರೋಪಣ. ಬೇಗ ತೆಳ್ಳಗಾಗಲೆಂದು ಊಟ ಬಿಡಿಸುವುದು, ಬೆವರುತ್ತಿರುವವನಿಗೆ ನೀರು ಬೇಡವೆನ್ನುವುದು ಅನ್ನಪಾನನಿರೋಧ. ‘ಉಪವಾಸವು ತಪಸ್ಸಲ್ಲವೇ?’ ಎಂದು ಯಾರಾದರೂ ಕೇಳಬಹುದು. ಉಪವಾಸವು ತಾನೇ ಅರಿತು ತನಗೆ ವಿಧಿಸಿಕೊಳ್ಳುವ ವ್ರತ; ಪರರ ತಟ್ಟೆಯನ್ನು ಎಳೆದುಕೊಳ್ಳುವುದು ವ್ರತವಲ್ಲ.

ಅಚೌರ್ಯವ್ರತದ ಅತಿಚಾರಗಳೂ ಇಲ್ಲಿ ಅನ್ವಯಿಸುತ್ತವೆ. ಹೀನಾಧಿಕಮಾನೋನ್ಮಾನವೆಂದರೆ ಅಳತೆಯಲ್ಲಿ ಮೋಸ. ಪ್ರತಿರೂಪಕ ವ್ಯವಹಾರವೆಂದರೆ ಅಸಲಿನ ಹೆಸರಿನಲ್ಲಿ ನಕಲಿಯ ಮಾರಾಟ. ಬೆವರಿನಲ್ಲಿ ನೀರಿಳಿದು ತಗ್ಗಿದ ತೂಕವನ್ನು ಕೊಬ್ಬು ಕರಗಿತೆಂದು ತೋರಿಸುವುದು ಮೊದಲನೆಯದಕ್ಕೆ ಸಮೀಪ. ಒಳಗೇನಿದೆಯೆಂದು ತಾನೇ ಅರಿಯದ ಪುಡಿಯ ಡಬ್ಬಿಯನ್ನು ಶಕ್ತಿವರ್ಧಕವೆಂದು ಮಾರುವುದು ಎರಡನೆಯದಕ್ಕೆ ಸಮೀಪ.

ಹಾಗಾದರೆ ಸರಿಯಾದ ಕ್ರಮ ಯಾವುದು? ಕನ್ನಡ ನಾಡಿನಲ್ಲಿಯೇ ಒಂದು ಮೇಲ್ಪಂಕ್ತಿಯಿದೆ. ವಿಷ್ಣುವರ್ಧನನ ಪಟ್ಟದರಸಿಯ ಕಥೆಯಾದ ‘ಶಾಂತಲಾ’ ಕಾದಂಬರಿಯಿಂದ ಓದುಗರಿಗೆ ಪರಿಚಿತರಾದ ಕೆ. ವಿ. ಅಯ್ಯರ್ (1897–1980) ಅವರು ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನಾಷಿಯಂ ನಡೆಸಿದ ಅಂಗಸಾಧಕರು. ಬಾರ್‌ಬೆಲ್ಲನ್ನೂ ಸೂರ್ಯನಮಸ್ಕಾರ ಯೋಗಾಸನಗಳನ್ನೂ ಅವರು ವಿರೋಧಿಗಳೆಂದು ಎಣಿಸದೆ ಒಂದೇ ಸಾಧನೆಯಲ್ಲಿ ಬೆಸೆದರು. ದೂರದೂರಿನ ಶಿಷ್ಯರಿಗೆ ಅಂಚೆಯ ಮೂಲಕವೂ ಪಾಠ ಹೇಳಿದರು. ಕಣ್ಣಿಗೆ ಕಾಣದ ಶಿಷ್ಯನಿಗೆ ಕಲಿಸಬೇಕಾದರೆ ಪಾಠವು ಮೆಟ್ಟಿಲು ಮೆಟ್ಟಿಲಾಗಿ ಇರಲೇಬೇಕು. ಅಲ್ಲಿ ಚಪ್ಪಾಳೆಗೆ ಎಡೆಯಿಲ್ಲ.

1945ರಲ್ಲಿ ಅಮೆರಿಕದ ಸೇನಾವೈದ್ಯ ಥಾಮಸ್ ಡಿಲಾರ್ಮ್ ಅವರು ಗಾಯಗೊಂಡ ಸೈನಿಕರಿಗೆ ತೂಕಗಳಿಂದ ಸ್ನಾಯುಬಲವನ್ನು ಮರಳಿ ತರುವ ವಿಧಾನವನ್ನು ಪ್ರಕಟಿಸಿದರು. ಇಂದು ಎತ್ತಬಲ್ಲಷ್ಟರಿಂದ ಆರಂಭಿಸಿ, ಬಲ ಬಂದಂತೆ ತೂಕವನ್ನು ಕ್ರಮವಾಗಿ ಏರಿಸುವುದೇ ಅದರ ಸಾರ. ಹೊಸಬನಿಗೆ ಮೊದಲ ವಾರಗಳಲ್ಲಿ ಬರುವ ಬಲವು ಬಹುಮಟ್ಟಿಗೆ ನರಗಳು ಕಲಿತದ್ದರ ಫಲ. ಸ್ನಾಯು ಬೆಳೆಯಲು ತಿಂಗಳುಗಳೇ ಬೇಕು. ಸ್ನಾಯುವನ್ನು ಎಲುಬಿಗೆ ಬಿಗಿಯುವ ಸ್ನಾಯುರಜ್ಜುಗಳು ಇನ್ನೂ ನಿಧಾನ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ವಯಸ್ಕರಿಗೆ ಹೇಳಿದ ಪ್ರಮಾಣವೂ ಭಯಪಡಿಸುವಂಥದಲ್ಲ: ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ, ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ತರುವ ವ್ಯಾಯಾಮ. ಅಷ್ಟೂ ಸಾಧ್ಯವಾಗದವನಿಗೆ ಸ್ವಲ್ಪವಾದರೂ ಲೇಸೇ ಎಂದು ಅದೇ ಸಂಸ್ಥೆ ಹೇಳಿದೆ. ಅಣುವ್ರತವನ್ನು ಅರಿತವರಿಗೆ ಇದು ಹೊಸ ಮಾತಲ್ಲ. ಮಹಾವ್ರತವನ್ನು ಹೊರಲಾರದವನನ್ನು ಧರ್ಮವು ಹೊರಗಟ್ಟಲಿಲ್ಲ. ಅವನ ಹೆಗಲಿನ ಅಳತೆಗೆ ತಕ್ಕ ವ್ರತವನ್ನು ಕೊಟ್ಟಿತು.

ಮಳಗಿಯ ತರುಣನು ಕೊಟ್ಟಿಗೆಯನ್ನು ಮುಚ್ಚಿಬಿಡಬೇಕೆಂದು ಕೆಲವು ದಿನ ಯೋಚಿಸಿದನಂತೆ. ಮುಚ್ಚಲಿಲ್ಲ. ಒಂದು ದಪ್ಪ ವಹಿಯನ್ನು ಕೊಂಡನು. ಬಂದವರ ವಯಸ್ಸು, ಹಳೆಯ ನೋವು, ಸೇವಿಸುವ ಔಷಧ, ರಾತ್ರಿಯ ನಿದ್ರೆ ಇವುಗಳನ್ನು ಕೇಳಿ ಬರೆದುಕೊಂಡ ಮೇಲೆಯೇ ಮೊದಲ ಪಾಠ. ಎದೆನೋವು, ತಲೆಸುತ್ತು ಎಂದವರನ್ನು ಮೊದಲು ವೈದ್ಯರಲ್ಲಿಗೆ ಕಳುಹಿಸುತ್ತಾನೆ. ಅವರ ಹಣವನ್ನು ಮುಟ್ಟುವುದಿಲ್ಲ. ಇದರಿಂದ ಗಿರಾಕಿ ಕಡಿಮೆಯಾದದ್ದೂ ಉಂಟು.

ಕೆಲವು ತಿಂಗಳ ಮೇಲೆ, ವೈದ್ಯರ ಒಪ್ಪಿಗೆ ಪಡೆದು, ಅದೇ ಹುಡುಗನು ಮತ್ತೆ ಬಂದನು. ಶಿಕ್ಷಕನು ಅವನ ಕೈಗೆ ತೂಕವನ್ನು ಕೊಡಲಿಲ್ಲ. ಕುಳಿತು ಏಳುವುದನ್ನು ಹತ್ತು ಬಾರಿ ಮಾಡಿಸಿ, “ಇವತ್ತಿಗೆ ಸಾಕು” ಎಂದನು. ಹುಡುಗನು ಇನ್ನೂ ಹತ್ತು ಮಾಡಬಲ್ಲೆನೆಂದನು. “ಬಲ್ಲೆ ಎಂದು ನನಗೂ ಗೊತ್ತು. ನಾಳೆ ಬಾ” ಎಂದು ಶಿಕ್ಷಕನು ವಹಿಯಲ್ಲಿ ಹತ್ತು ಎಂದು ಬರೆದು ದಿನಾಂಕ ಹಾಕಿದನು.